ಕರೆಯುವ ಮುನ್ನ ಬಂದ ಬಡಿತ

ತಿಥಿಯ ಹಿಂದಿನ ದಿನ ಸತ್ತವರ ದನಿ ಕೇಳಿಸಬಾರದು, ಕೇಳಿಸಿದರೆ ತಿಥಿಗೆ ಕರೆಯುವ ಮುನ್ನವೇ ಬಂದುಬಿಡುತ್ತಾರೆ ಎಂದು ಸರಸ್ವತಮ್ಮನ ಅಜ್ಜಿ ಹೇಳುತ್ತಿದ್ದಳು. ಅದಕ್ಕೇ ಆ ಬೆಳಿಗ್ಗೆ ಸರಸ್ವತಮ್ಮ, ಮಗನ ಎದೆಬಡಿತವಿದ್ದ ಪೆನ್‌ಡ್ರೈವನ್ನು ಗಂಡನ ಚೀಲದಿಂದ ತೆಗೆದು, ಶಿವಮೊಗ್ಗದ ವಿನೋಬನಗರದ ಮನೆಯ ದೇವರ ಪೀಠದಡಿ ಬಚ್ಚಿಟ್ಟಳು. ನಾಳೆ ಅತುಲನ ತಿಥಿ.

ಹೃದಯದ ಕವಾಟ ಸೋರಿ ತೀರಿಕೊಂಡ ಹುಡುಗ. ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. ತಂದೆ ವೆಂಕಟಾಚಲ ಅವನ ಹೆಸರಿನಲ್ಲಿ ಟ್ರಸ್ಟ್ ಕಟ್ಟಿ, ಹೃದ್ರೋಗದ ಸಂಶೋಧನೆಗೆ ನೆರವಾಗುತ್ತ, ಊರೂರಲ್ಲಿ ತಪಾಸಣೆಯ ಶಿಬಿರ ನಡೆಸುತ್ತಿದ್ದರು. ಕಾಯಿಲೆಯ ಎದೆ ಹೇಗೆ ಬಡಿದುಕೊಳ್ಳುತ್ತದೆಂದು ಜನಕ್ಕೆ ತಿಳಿಯಲೆಂದು ಪ್ರತಿ ಶಿಬಿರದಲ್ಲೂ ಆ ಬಡಿತವನ್ನು ಸ್ಪೀಕರಿನಲ್ಲಿ ಕೇಳಿಸುವರು. ಅದನ್ನು ತಾಳಲಾರದೆ ಸರಸ್ವತಮ್ಮ ಯಾವ ಶಿಬಿರಕ್ಕೂ ಹೋದವಳಲ್ಲ. ಇವತ್ತು ಅದಿಲ್ಲವೆಂಬ ಧೈರ್ಯದ ಮೇಲೆ ಭದ್ರಾವತಿಯ ಶಿಬಿರಕ್ಕೆ ಬಂದಿದ್ದಳು.

ಸಮುದಾಯ ಭವನ ತುಂಬಿತ್ತು. ಸುಷ್ಮಾ ಎಂಬ ಎಳೆಯ ಸೊಸೆ ಬಿಪಿ ತೋರಿಸಿಕೊಂಡು, ಅತ್ತೆ ಪುಷ್ಪಮ್ಮ ಚಪ್ಪಲಿ ಹುಡುಕುವಷ್ಟರಲ್ಲಿ ಖಾಲಿಯಿದ್ದ ತಪಾಸಣೆಯ ಮಂಚದ ಮೇಲೆ ಕೂತಳು.

ಸ್ಪೀಕರಿನಿಂದ ಶಬ್ದ ಎದ್ದಿತು. ಡಬ್... ಶ್ಶ್... ಡಬ್. ನಡುವೆ, ಅತ್ತು ಸುಸ್ತಾದ ಮಗು ಉಸಿರೆಳೆದುಕೊಂಡಂತೆ ಒಂದು ತಡೆ.

ಕಾರ್ಯಕರ್ತರು ಪೆನ್‌ಡ್ರೈವ್ ಹಾಕಿದರೆಂದೇ ತಿಳಿದ ವೆಂಕಟಾಚಲ ಎಂದಿನಂತೆ ಮೈಕು ಹಿಡಿದರು. "ಕೇಳಿಸ್ಕೊಳ್ಳಿ. ಇದು ನನ್ನ ಮಗನ ಎದೆ."

ಸರಸ್ವತಮ್ಮ ಸ್ಪೀಕರಿನ ತಂತಿ ಹೋದತ್ತ ನೋಡಿದಳು. ಸ್ಪೀಕರಿಗೆ ಜೋಡಿಸಿದ್ದ ಸ್ಟೆತಾಸ್ಕೋಪು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

"ಏಳೇ ಮಾರಾಯ್ತಿ, ಬಸ್ ಹೋಗುತ್ತೆ," ಪುಷ್ಪಮ್ಮ ಗದರಿದಳು. "ಎರಡು ಮೆಟ್ಲು ಹತ್ತಿದ್ರೆ ಏದುಸಿರು ನಿಂಗೆ. ಕೂರೋಕೆ ಮಾತ್ರ ಎಲ್ಲಾದ್ರೂ ಸರಿ!"

ಸುಷ್ಮಾ ಎದ್ದಳು. ಶಬ್ದ ನಿಂತಿತು. ತಲೆ ಸುತ್ತಿ ಮತ್ತೆ ಕೂತಳು. ಡಬ್... ಶ್ಶ್...

ಸರಸ್ವತಮ್ಮ ಓಡಿಬಂದು ಅವಳ ಕೈ ಹಿಡಿದಳು. "ಇವಳನ್ನ ಕರ್ಕೊಂಡು ಹೋಗ್ಬೇಡಿ."

"ಯಾಕ್ರಮ್ಮಾ? ಬಿಪಿ ಸರಿಯಾಗಿದೆ ಅಂದ್ರಲ್ಲ!"

ಸರಸ್ವತಮ್ಮ ಗಂಡನತ್ತ ತಿರುಗಿದಳು. "ರೀ, ಅದು ಅತುಲಂದಲ್ಲ. ಪೆನ್‌ಡ್ರೈವ್ ಮನೇಲಿದೆ. ನಾನೇ ಬಚ್ಚಿಟ್ಟೆ."

"ಏನಂದೆ?" ಮೈಕು ಹಿಡಿದ ಕೈ ಹಾಗೇ ಕೆಳಗಿಳಿಯಿತು. "ಹಾಗಾದ್ರೆ ಇದು ಯಾರ್ದೇ?"

ಶಿಬಿರದ ಡಾಕ್ಟರ್ ದೀಪಶ್ರೀ ಮೊಳೆಯಿಂದ ಸ್ಟೆತಾಸ್ಕೋಪು ತೆಗೆದು ಸುಷ್ಮಾಳ ಎದೆಗಿಟ್ಟರು. ಸ್ಪೀಕರಿನ ಶಬ್ದ ಎಳ್ಳಷ್ಟೂ ಬದಲಾಗಲಿಲ್ಲ. ಅದೇ ಬಡಿತ, ಅದೇ ತಡೆ.

"ಕವಾಟ ಸೋರ್ತಿರೋ ಹಾಗಿದೆ," ಎಂದರು ಮೆಲ್ಲಗೆ. "ಸ್ಕ್ಯಾನ್ ಇವತ್ತೇ ಆಗ್ಬೇಕು."

ಪುಷ್ಪಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ನೆಲಕ್ಕೆ ಕುಸಿದಳು. "ಅಯ್ಯೋ, ಸೋಮಾರಿ ಅಂತ ದಿನಾ ಬೈತಿದ್ನಲ್ಲೇ ತಾಯಿ..."

ಟ್ರಸ್ಟಿನ ವ್ಯಾನಿನಲ್ಲೇ ದೀಪಶ್ರೀ ಅತ್ತೆ ಸೊಸೆ ಇಬ್ಬರನ್ನೂ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದರು. ಸಂಜೆ ದೀಪಶ್ರೀಯ ಫೋನ್ ಬಂತು: ಸೋರುತ್ತಿರುವುದು ನಿಜ, ಆದರೆ ಕಾಲ ಮೀರಿಲ್ಲ, ಸರಿಪಡಿಸಬಹುದು.

ಸರಸ್ವತಮ್ಮ ದೇವರಿಗೆ ದೀಪ ಹಚ್ಚಿ, ಪೀಠದಡಿ ಕೈಹಾಕಿದಳು. ಪೆನ್‌ಡ್ರೈವ್ ಇಟ್ಟಲ್ಲೇ ಇತ್ತು. ಆಗಷ್ಟೇ ಯಂತ್ರದಿಂದ ಕಿತ್ತದ್ದರಂತೆ ಬೆಚ್ಚಗಿತ್ತು.

ಅವಳು ಹೆದರಲಿಲ್ಲ. ಅದನ್ನು ಎದೆಗೊತ್ತಿಕೊಂಡು ಪಿಸುಗುಟ್ಟಿದಳು: "ಕರೆಯೋಕೆ ಮುಂಚೆನೇ ಬಂದ್ಬಿಟ್ಯಲ್ಲೋ ಮಾರಾಯ."