ಕಸದ ಬುಟ್ಟಿಯ ಬೈಗುಳ

ನಲವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ ಮನೆಯಲ್ಲಿ ಕೈಕಟ್ಟಿ ಕೂರಬೇಕಾಗಿ ಬಂದರೆ ಅವನಿಗಿಂತ ಹೆಚ್ಚಿನ ಕಷ್ಟ ಮನೆಯವರಿಗೆ. ಅಪ್ಪನ ಕಣ್ಣು ಪೂರ್ತಿ ಹೋದ ಮೇಲೆ ಮಗಳಿಗೆ ಇದು ಚೆನ್ನಾಗಿ ಅರ್ಥವಾಯಿತು. ಅವಳು ಬೆಳಿಗ್ಗೆ ಅಚ್ಚುಕೂಟಕ್ಕೆ ಹೋಗಿ ಸಂಜೆ ಬರುವಷ್ಟರಲ್ಲಿ ಅಪ್ಪ ಕೈಗೆ ಸಿಕ್ಕ ಬಾಗಿಲನ್ನೆಲ್ಲ ಬಿಚ್ಚಿ, ಎಣ್ಣೆ ಬಿಟ್ಟು, ತಡಕಾಡಿ ಮತ್ತೆ ಜೋಡಿಸಿ, ಒಂದು ಸ್ಕ್ರೂ ಮಿಗಿಸಿಕೊಂಡು ಕೂತಿರುತ್ತಿದ್ದ. ಅವಳ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಒಳಗಿನಿಂದ, “ಕತ್ತೆ, ಬಂದೆಯಾ?” ಎನ್ನುತ್ತಿದ್ದ. ಕತ್ತೆಗೆ ಆಗಲೇ ನಲವತ್ತೆರಡು ತುಂಬಿತ್ತು.

ಬೈಯುವುದು ಅಪ್ಪನ ಕಸುಬಿನಲ್ಲೇ ಇದ್ದ ಗುಣ. ಲಿಫ್ಟಿನ ತಳದ ಗುಂಡಿಯಲ್ಲಿ ಒಬ್ಬ, ಆರನೇ ಮಹಡಿಯ ಮೇಲಿನ ಮೆಷಿನ್ ರೂಮಿನಲ್ಲಿ ಒಬ್ಬ ಇರುವಾಗ ಸ್ವಾಮಿ, ದಯವಿಟ್ಟು ಅಂತ ಮಾತಾಡಿದರೆ ಮಾತು ಮುಗಿಯುವುದರೊಳಗೆ ಕೈಯೋ ಕಾಲೋ ಹೋಗಿರುತ್ತದೆ. ಅದಕ್ಕೇ ಅವರ ತಂಡದಲ್ಲಿ ಎಚ್ಚರಿಕೆಯೆಲ್ಲ ಬೈಗುಳದಲ್ಲೇ ಹೋಗುತ್ತಿತ್ತು. ಬಡ್ಡಿಮಗನೇ ಅಂದರೆ ತಲೆ ತಗ್ಗಿಸು, ಹಲ್ಕಟ್ ಅಂದರೆ ಕೈ ಹಿಂದಕ್ಕೆ ತೆಗೆ. ಯಾರಾದರೂ ಯಾರನ್ನಾದರೂ ಬೈಯುವುದನ್ನು ಬಿಟ್ಟರೆ ಮಾತ್ರ ಉಳಿದವರಿಗೆ ಗಾಬರಿ. ಬೈಯೋನು ನಿನ್ನ ಉಳಿಸೋಕೆ ನೋಡ್ತಿದಾನೆ, ಸುಮ್ಮನಾದೋನು ಕೈಬಿಟ್ಟ ಅಂತ ಲೆಕ್ಕ ಎಂದು ಅಪ್ಪ ಅವಳ ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದ. ಅವಳು ಮೂಗು ಮುರಿಯುತ್ತಿದ್ದಳು. ಅವಳದು ಪ್ರೂಫ್ ತಿದ್ದುವ ಕೆಲಸ. ಒಂದೇ ಮಾತನ್ನು ಎರಡು ಸಲ ಹೇಳುವುದು, ಹೊಲಸು ಮಾತಾಡುವುದು, ಎರಡೂ ಅವಳಿಗೆ ಆಗದು.

ಬಾಗಿಲುಗಳನ್ನು ಉಳಿಸಿಕೊಳ್ಳಲೆಂದೇ ಅವಳು ಬ್ಲಾಗ್ ಶುರು ಮಾಡಿದ್ದು. ಅಪ್ಪ ಹೇಳುವುದು, ಇವಳು ಬರೆದುಕೊಳ್ಳುವುದು, ಓದಿ ಹೇಳಿ ಒಪ್ಪಿಗೆ ಪಡೆಯುವುದು, ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ತಿದ್ದಿ ತೀಡಿ ಹಾಕುವುದು. ‘ಲಿಫ್ಟ್ ಮೇಸ್ತ್ರಿ’ ಎಂದು ಹೆಸರಿಟ್ಟಳು. ಹಗ್ಗ ಸವೆದದ್ದನ್ನು ಬೆರಳಿನಲ್ಲೇ ಹೇಗೆ ಗುರುತಿಸಬೇಕು, ಬಾಗಿಲು ಮುಚ್ಚುವ ಸದ್ದಿನಲ್ಲಿ ಯಾವುದು ಕಾಯಿಲೆ ಯಾವುದು ಬರೀ ಮುಪ್ಪು, ಇಂಥವೆಲ್ಲ. ಓದುವವರು ಬಂದರು. ಕಟ್ಟಡಗಳ ಕಾವಲುಗಾರರು, ಹೊಸ ಮೆಕ್ಯಾನಿಕ್‌ಗಳು, ಲಿಫ್ಟ್ ಅಂದರೆ ಹೆದರುವ ಹೆಂಗಸರು ಕೂಡ ಓದುತ್ತಿದ್ದರು.

ಮೂರು ತಿಂಗಳಾದ ಮೇಲೆ ಅಪ್ಪ ಹೊಸ ರಾಗ ತೆಗೆದ. ಓದಿದವರು ತಿರುಗಿ ಬರೆಯುವ ಹಾಗೆ ಮಾಡಬೇಕಂತೆ. ಅವಳು ಬೇಡವೆಂದಳು. ಅಂಥ ಕಡೆ ಎಂಥವರು ಬರುತ್ತಾರೆಂದು ಅವಳಿಗೆ ಗೊತ್ತಿತ್ತು.

“ನಾನೊಬ್ಬನೇ ಹೇಳ್ತಾ ಹೋದ್ರೆ ಗೋಡೆಗೆ ಹೇಳಿದ ಹಾಗಾಯ್ತು,” ಎಂದ ಅಪ್ಪ. “ತಪ್ಪು ಹೇಳಿದ್ರೆ ಬೈಯೋರು ಬೇಡ್ವೇನೇ ಕತ್ತೆ?”

ಅಪ್ಪ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವಿತ್ತು. ಅದರ ಹೆಸರು ಗ್ರೀಸ್. ಅಪ್ಪನ ಜೊತೆ ಒಂದೇ ದಿನ ಕೆಲಸಕ್ಕೆ ಸೇರಿದವನು, ಕೈಯಿಂದ ಗ್ರೀಸ್ ಬಿಡಿಸಿಕೊಳ್ಳದೆ ಊಟಕ್ಕೆ ಕೂತು ಆ ಹೆಸರು ಗಿಟ್ಟಿಸಿಕೊಂಡವನು. ನಿವೃತ್ತಿಯ ದಿನ ಯಾವುದೋ ಸಣ್ಣ ಮಾತಿಗೆ ಮುನಿಸಿಕೊಂಡು ಎದ್ದುಹೋದವನು ಆರು ವರ್ಷದಿಂದ ಇತ್ತ ತಲೆ ಹಾಕಿರಲಿಲ್ಲ. ಅವನೂ ಓದುತ್ತಿರುತ್ತಾನೆ, ಇಂದಲ್ಲ ನಾಳೆ ಒಂದು ಸಾಲಾದರೂ ಬರೆಯುತ್ತಾನೆ ಎಂದು ಅಪ್ಪನ ಆಸೆ. ಆಸೆಗೆ ಅಡ್ಡ ಬರುವುದು ಬೇಡವೆಂದು ಅವಳು ಬ್ಲಾಗಿನ ಬಾಗಿಲು ತೆರೆದಳು.

ತೆರೆದದ್ದೇ ತಡ, ಕಸ ಒಳಗೆ ಬಂತು. ಬೋಳುತಲೆಯಲ್ಲಿ ವಾರದೊಳಗೆ ಕೂದಲು ಬೆಳೆಸುತ್ತೇವೆ ಎಂದು ಒಬ್ಬ ದಿನಕ್ಕೆ ನಲವತ್ತು ಸಲ ಹೇಳಿದ. ಅಪ್ಪನ ಬೋಳುತಲೆ ಅವನಿಗೆ ಹೇಗೆ ಗೊತ್ತಾಯಿತೋ ಏನೋ. ಅವಳು ಅದನ್ನು ಓದಿ ಹೇಳಿದಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಎರಡನೇ ವಾರ ಇನ್ನೊಂದು ಬಗೆಯ ಜನ ಬಂದರು. ಕಣ್ಣಿಲ್ಲದ ಮುದುಕ ಯಾವಾಗ ಗುಂಡಿಗೆ ಬಿದ್ದು ಸಾಯುತ್ತಾನೆ ಎಂದು ಒಬ್ಬ ಕೇಳಿದ್ದ. ಬರೆದುಕೊಡುವ ಮಗಳ ಬಗ್ಗೆ ಮತ್ತೊಬ್ಬ ಹೇಳಲಾಗದ್ದನ್ನು ಹೇಳಿದ್ದ. ಅವಳು ಅವನ್ನು ಅಪ್ಪನಿಗೆ ಓದಿ ಹೇಳಲಿಲ್ಲ. ಇವತ್ತು ಇಷ್ಟೇಪ್ಪ ಎಂದು ಹೇಳಿ ಎದ್ದಳು.

ಅವತ್ತೇ ಅವಳು ಜರಡಿ ಕಟ್ಟಿದಳು. ಲಿಂಕ್ ಇರುವ ಮಾತೆಲ್ಲ ನೇರ ಕಸದ ಬುಟ್ಟಿಗೆ. ಕೆಟ್ಟ ಪದಗಳ ಒಂದು ಪಟ್ಟಿ. ಅದರಲ್ಲಿರುವ ಒಂದು ಪದ ಕಂಡರೂ ಕಸದ ಬುಟ್ಟಿಗೆ. ಉಳಿದದ್ದು ತಾನಾಗಿ ಪ್ರಕಟವಾಗಬೇಕು. ಪಟ್ಟಿಗೆ ಹಾಕಲು ಅವಳಿಗೆ ಗೊತ್ತಿದ್ದದ್ದು ಏಳೆಂಟು ಪದ. ಅಚ್ಚಿನ ಮೆಷಿನ್ ನಡೆಸುವವನನ್ನು ಕೇಳಿದಳು. ಅವನು ಮೊದಲು ನಾಚಿಕೊಂಡ, ಆಮೇಲೆ ಹುರುಪು ಬಂದು ಹೇಳುತ್ತಲೇ ಹೋದ, ಪಟ್ಟಿ ನೂರ ಮೂವತ್ತು ದಾಟಿತು. ಬಡ್ಡಿಮಗ, ಹಲ್ಕಟ್, ಬೇವರ್ಸಿ, ಮುಂಡೇಗಂಡ, ಮನೆಯಲ್ಲಿ ಅಪ್ಪನ ಬಾಯಿಂದ ದಿನವೂ ಕೇಳುತ್ತಿದ್ದ ಪದಗಳನ್ನೆಲ್ಲ ಅವಳು ಒಂದೊಂದಾಗಿ ಟೈಪ್ ಮಾಡಿದಳು. ಮೊದಲಿಗೆ ದಿನವೂ ಬುಟ್ಟಿಯಲ್ಲಿ ಇಣುಕುತ್ತಿದ್ದಳು. ಎರಡು ಸಾಲು ಓದಿ ಮುಚ್ಚಿಬಿಡುತ್ತಿದ್ದಳು. ಆಮೇಲೆ ನೋಡುವುದನ್ನೇ ಬಿಟ್ಟಳು. ಮೂವತ್ತು ದಿನಕ್ಕೆ ತಾನೇ ಖಾಲಿಯಾಗುತ್ತದಲ್ಲ.

ಸಂಜೆಗಳು ತಿಳಿಯಾದವು. ಅವಳು ಒಳ್ಳೊಳ್ಳೆಯ ಮಾತುಗಳನ್ನು ಓದುತ್ತಿದ್ದಳು, ಅಪ್ಪ ಕೇಳುತ್ತಿದ್ದ. ಕೊನೆಗೆ ಒಂದೇ ಪ್ರಶ್ನೆ.

“ಗ್ರೀಸ್ ಏನಾದ್ರೂ ಬರೆದ್ನಾ?”

“ಇಲ್ಲಪ್ಪ.”

ಆ ತಿಂಗಳ ಮೂರನೇ ತಾರೀಕು ಹಾಕಿದ ಬರಹ ಎಲ್ಲಕ್ಕಿಂತ ಹೆಚ್ಚು ಜನ ಓದಿದ್ದು. ಕರೆಂಟ್ ಹೋಗಿ ಹಳೆಯ ಲಿಫ್ಟ್ ಎರಡು ಮಹಡಿಯ ನಡುವೆ ನಿಂತಾಗ ಒಳಗಿದ್ದವರನ್ನು ಹೊರಗೆ ತರುವುದು ಹೇಗೆ. ಮೆಷಿನ್ ರೂಮಿಗೆ ಹೋಗಿ, ಬ್ರೇಕ್ ಸಡಿಲಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ ಲಿಫ್ಟನ್ನು ಮಹಡಿಗೆ ಸರಿಯಾಗಿ ತಂದು ನಿಲ್ಲಿಸುವ ಏಳು ಹಂತಗಳನ್ನು ಅಪ್ಪ ಹೇಳಿದ್ದ. ಒಂದೊಂದು ಹಂತಕ್ಕೂ ಮೊದಲು ಒಂದೇ ಪಲ್ಲವಿ: “ಮೇನ್ ಆಫ್, ಬೀಗ, ಕೀಲಿ ಜೇಬಿಗೆ.” ಮೇನ್ ಸ್ವಿಚ್ ಆರಿಸಿ ಅದಕ್ಕೆ ಬೀಗ ಹಾಕಿದ್ದರೆ ನಡುವೆ ಕರೆಂಟ್ ಬಂದರೂ ಮೆಷಿನ್ ತಿರುಗದು. ಏಳು ಹಂತಕ್ಕೆ ಏಳು ಸಲ. ಅವಳು ಏಳು ಸಲವೂ ಬರೆದುಕೊಂಡಿದ್ದಳು, ಏಳು ಸಲವೂ ಓದಿ ಹೇಳಿದ್ದಳು. ಮರುದಿನ ಮಧ್ಯಾಹ್ನ ತಿದ್ದಲು ಕೂತಾಗ ಆರನ್ನು ಹೊಡೆದು ಹಾಕಿದಳು. ಉಳಿದ ಒಂದು ಒರಟಾಗಿ ಕಂಡಿತು. ಹಿಂದಿನ ಬರಹದಲ್ಲಿ ಇದೆಲ್ಲ ವಿವರವಾಗಿ ಬಂದಿದೆಯಲ್ಲ ಎಂದುಕೊಂಡು ಅದನ್ನೂ ತೆಗೆದು, ‘ಎಂದಿನ ಮುನ್ನೆಚ್ಚರಿಕೆಯೊಂದಿಗೆ’ ಎಂದು ಸೇರಿಸಿದಳು. ವಾಕ್ಯ ಓಡಿತು. ಅವಳಿಗೆ ಸಮಾಧಾನವಾಯಿತು.

ತಿಂಗಳ ಕೊನೆಯ ವಾರ ಆ ಬರಹದ ಕೆಳಗೆ ಒಂದು ಮಾತು ಬಂತು. ಅದರಲ್ಲಿ ಒಂದೂ ಕೆಟ್ಟ ಪದವಿರಲಿಲ್ಲ. ಜರಡಿ ಅದನ್ನು ಹಿಡಿಯಲಿಲ್ಲ, ತಾನಾಗಿ ಪ್ರಕಟವಾಗಿತ್ತು.

‘ಮೇಸ್ತ್ರಿಯವರಿಗೆ ನಮಸ್ಕಾರ. ನನ್ನ ಅಣ್ಣ ಒಂದು ಕಟ್ಟಡದ ಕಾವಲುಗಾರ. ನಿಮ್ಮ ಈ ಬರಹವನ್ನು ಅಚ್ಚು ಹಾಕಿಸಿ ಮೆಷಿನ್ ರೂಮಿನ ಗೋಡೆಗೆ ಅಂಟಿಸಿಕೊಂಡಿದ್ದ. ಇಪ್ಪತ್ತಮೂರನೇ ತಾರೀಕು ಕರೆಂಟ್ ಹೋಗಿ ಲಿಫ್ಟಿನಲ್ಲಿ ಮೂವರು ಸಿಕ್ಕಿಕೊಂಡರು. ಅಣ್ಣ ನೀವು ಹೇಳಿದ ಹಾಗೇ ಮಾಡಿದ. ಚಕ್ರ ತಿರುಗಿಸುತ್ತಿದ್ದಾಗ ಕರೆಂಟ್ ಬಂತು. ಒಳಗಿದ್ದವರು ಲಿಫ್ಟಿನ ಬಟನ್ ಒತ್ತುತ್ತಲೇ ಇದ್ದರಂತೆ. ಚಕ್ರ ಅವನ ತೋಳನ್ನು ಹಗ್ಗದೊಳಕ್ಕೆ ಎಳೆದುಕೊಂಡಿತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ತೀರಿಕೊಂಡ. ನಿಮ್ಮ ಮೇಲೆ ದೂರು ಹೇಳುತ್ತಿಲ್ಲ. ಅವನು ಎಲ್ಲಿ ತಪ್ಪಿದ ಅಂತ ತಿಳಿಸಿದರೆ ಅತ್ತಿಗೆಗೆ ಹೇಳಬಹುದು. ಅವರು ಅದನ್ನೇ ಕೇಳುತ್ತಿದ್ದಾರೆ.’

ಅವಳು ತಾನು ಹಾಕಿದ ಬರಹ ತೆರೆದಳು. ಬರಹವನ್ನು ಮೇಲಿನಿಂದ ಕೆಳಗೆ ಮೂರು ಸಲ ಓದಿದಳು. ಮೇನ್ ಸ್ವಿಚ್ ಆರಿಸಿ ಎಂಬ ಮಾತು ಎಲ್ಲೂ ಇರಲಿಲ್ಲ. ಬರಹವನ್ನು ಆಗಲೇ ಬ್ಲಾಗಿನಿಂದ ಇಳಿಸಿದಳು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಎರಡು ಸಂಜೆ ಯಾರೂ ಏನೂ ಬರೆದಿಲ್ಲ ಎಂದು ಅಪ್ಪನಿಗೆ ಸುಳ್ಳು ಹೇಳಿದಳು. ಮೂರನೇ ಸಂಜೆ ತಡೆದುಕೊಳ್ಳಲಾಗದೆ ಆ ಕಾವಲುಗಾರನ ತಮ್ಮ ಬರೆದದ್ದನ್ನು ಓದಿಬಿಟ್ಟಳು.

ಅಪ್ಪ ಅದನ್ನು ಇನ್ನೊಮ್ಮೆ ಓದಿಸಿದ. ಆಮೇಲೆ, ಆ ಬರಹವನ್ನು ಓದು ಎಂದ. ಅವಳು ಓದಿದಳು. ‘ಎಂದಿನ ಮುನ್ನೆಚ್ಚರಿಕೆಯೊಂದಿಗೆ’ ಬಂತು. ಅದನ್ನು ನುಂಗಿ ಮುಂದಿನ ಪದಕ್ಕೆ ಹಾರಿದಳು. ಒಂದೇ ಜಾಗದಲ್ಲಿ ಎರಡನೇ ಸಲ ಕತ್ತರಿ ಹಾಕಿದಳು.

“ಮೇನ್ ಆಫ್ ಎಲ್ಲಿ?” ಎಂದ ಅಪ್ಪ.

ಅವಳು ಪುಟವನ್ನು ಸುಮ್ಮನೆ ಮೇಲೆ ಕೆಳಗೆ ಸರಿಸಿದಳು.

“ನಾನು ಹೇಳಲೇ ಇಲ್ವಾ?”

ನೀನು ಹೇಳಿದ್ದೆ ಎಂದು ಅವಳು ಹೇಳಲಿಲ್ಲ. ಹೇಡಿತನಕ್ಕೆ ಬೇರೆ ಹೆಸರಿಟ್ಟು ಏನು ಪ್ರಯೋಜನ? ಅದು ಹೇಡಿತನವೇ.

ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ. ಮರುದಿನದಿಂದ ಬಾಗಿಲುಗಳನ್ನು ಮುಟ್ಟಲಿಲ್ಲ. ಕುರ್ಚಿಯಲ್ಲಿ ಕೂತು ಬೆರಳು ಮಡಿಸುತ್ತಾ ಮೇನ್ ಆಫ್, ಬೀಗ, ಕೀಲಿ ಜೇಬಿಗೆ ಎಂದು ಹೇಳಿಕೊಳ್ಳುತ್ತಿದ್ದ, ಆಮೇಲೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ. ನಲವತ್ತೊಂದು ವರ್ಷ ದಿನಕ್ಕೆ ನೂರು ಸಲ ಹೇಳಿದ್ದು ಬಾಯಿಂದ ಹೇಗೆ ತಪ್ಪಿತು ಎಂದು ಅವಳನ್ನೇ ಕೇಳುತ್ತಿದ್ದ. ಕಣ್ಣು ಹೋದಾಗ ಇಷ್ಟು ಕುಗ್ಗಿರಲಿಲ್ಲ. ಈಗ ತಲೆಯೂ ಹೋಯಿತು, ಇನ್ನು ನಾನು ಏನು ಹೇಳಿದರೂ ಬರೆದುಕೊಳ್ಳಬೇಡ ಎಂದ. ಆ ತಮ್ಮನಿಗೆ ಉತ್ತರ ಬರೆ, ನಿನ್ನ ಅಣ್ಣ ಎಲ್ಲೂ ತಪ್ಪಲಿಲ್ಲ, ತಪ್ಪಿದವನು ನಾನು ಅಂತ ಬರೆ ಎಂದ. ಅವಳು ಬರೆಯುವ ಹಾಗೆ ಕೀಲಿಗಳನ್ನು ಒತ್ತಿದಳು, ಕಳಿಸಲಿಲ್ಲ.

ನಾಲ್ಕನೇ ಮಧ್ಯಾಹ್ನ ಅಚ್ಚುಕೂಟದಲ್ಲಿ ಊಟದ ಡಬ್ಬಿ ಮುಂದಿಟ್ಟುಕೊಂಡು ಅವಳು ಕಸದ ಬುಟ್ಟಿ ತೆರೆದಳು. ಮೇಸ್ತ್ರಿ ಕೊಲೆಗಾರ ಎಂದು ಯಾರಾದರೂ ಬರೆದಿರಬಹುದು, ಅದು ಹೊರಗೆ ಬೀಳುವ ಮೊದಲು ನೋಡಿಬಿಡೋಣ ಎಂಬ ಭಯ. ಕೂದಲು ಬೆಳೆಸುವವರ ಜಾಹೀರಾತುಗಳ ನಡುವೆ ಹೆಸರಿಲ್ಲದ ಐದು ಮಾತುಗಳಿದ್ದವು. ಮೊದಲನೆಯದು ಮೂರನೇ ತಾರೀಕು ಸಂಜೆಯದು. ಕೊನೆಯದು ಹದಿನಾಲ್ಕನೆಯದು. ಐದನ್ನೂ ಓದಿ ಡಬ್ಬಿಯ ಮುಚ್ಚಳ ಹಾಕಿದಳು. ಬೆರಳಲ್ಲಿ ಎಣಿಸಿದಳು. ಹದಿನಾಲ್ಕರಿಂದ ಕಾವಲುಗಾರ ಸತ್ತ ಇಪ್ಪತ್ತಮೂರಕ್ಕೆ ಒಂಬತ್ತು ದಿನ.

ಅಲ್ಲೇ ಕೂತು ಆ ತಮ್ಮನಿಗೆ ಬರೆದಳು. ನಿಮ್ಮ ಅಣ್ಣ ತಪ್ಪಲಿಲ್ಲ, ಮೇಸ್ತ್ರಿಯೂ ತಪ್ಪಲಿಲ್ಲ, ಮೇನ್ ಸ್ವಿಚ್ ಆರಿಸಿ ಎಂದು ಅವರು ಏಳು ಸಲ ಹೇಳಿದ್ದರು, ಏಳನ್ನೂ ತೆಗೆದವಳು ಅವರ ಮಗಳಾದ ನಾನು. ಬರಹಕ್ಕೆ ಏಳನ್ನೂ ವಾಪಸ್ಸು ಸೇರಿಸಿ ಮತ್ತೆ ಹಾಕಿದಳು. ಕಳಿಸಿದ್ದು ಯಾವ ಜರಡಿಗೂ ಸಿಗದೆ ಹೊರಟುಹೋಯಿತು.

ಸಂಜೆ ಅಪ್ಪ ಎಂದಿನಂತೆ ಕತ್ತೆ ಬಂದೆಯಾ ಎಂದ, ಆದರೆ ದನಿ ಇಳಿದಿತ್ತು. ಓದುವುದಿದೆ ಎಂದಳು. ಅಪ್ಪ ಬೇಡವೆಂದು ಕೈಯಾಡಿಸಿದ. ಅವಳು ಕೇಳಲಿಲ್ಲ, ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತಳು. ಹುಟ್ಟಿದಾಗಿನಿಂದ ಒಂದು ಕೆಟ್ಟ ಮಾತು ಆಡದವಳು, ತಡವರಿಸದೆ, ಒಂದು ಅಕ್ಷರ ಬಿಡದೆ ಓದತೊಡಗಿದಳು.

“ಲೇ ಬಡ್ಡಿಮಗನೇ, ಮೇನ್ ಆಫ್ ಎಲ್ಲೋ? ಯಾರನ್ನ ಸಾಯಿಸ್ಬೇಕು ಅಂತಿದೀಯ?”

ಅಪ್ಪ ಕುರ್ಚಿಯ ಕೈ ಹಿಡಿದು ನೆಟ್ಟಗೆ ಕೂತ. ನಾಲ್ಕು ದಿನದಲ್ಲಿ ಮೊದಲ ಸಲ ಆ ಮುಖಕ್ಕೆ ಜೀವ ಬಂತು.

“ಗ್ರೀಸ್,” ಎಂದ. “ಬರೆದ್ನಾ? ಯಾವತ್ತು ಬಂತು?”

“ಮೂರನೇ ತಾರೀಕು.”

ಅಪ್ಪನಿಗೆ ತಾರೀಕು ಇನ್ನೂ ತಲೆಗೆ ಇಳಿದಿರಲಿಲ್ಲ, ಮುಂದೆ ಓದು ಎಂದು ಅವಸರ ಮಾಡಿದ. ಎರಡು, ಮೂರು, ನಾಲ್ಕು ಓದಿದಳು. ಹಲ್ಕಟ್ ನನ್ಮಗನೇ ಕಿವಿ ಕೇಳಲ್ವಾ, ಮುಂಡೇಗಂಡ ತೆಗೀತೀಯೋ ಇಲ್ವೋ ಅದನ್ನ. ಅಪ್ಪನ ತುಟಿ ನಗಲು ಹೊರಟು ಅರ್ಧಕ್ಕೆ ನಿಂತಿತು. ಅವಳು ಕೊನೆಯದಕ್ಕೆ ಬಂದಳು.

“ಹದಿನಾಲ್ಕನೇ ತಾರೀಕಿಂದು,” ಎಂದು ಹೇಳಿ ಓದಿದಳು. “ಮೇಸ್ತ್ರಿ, ಹುಷಾರಾಗಿದೀಯೇನೋ? ನಾಲ್ಕು ಸಲ ಬೈದ್ರೂ ತಿರುಗಿ ಒಂದು ಮಾತು ಬೈದಿಲ್ಲ ನೀನು. ಎಂದಿನ ಮುನ್ನೆಚ್ಚರಿಕೆಯೊಂದಿಗೆ ಅಂತ ಬರೆದಿದೆ ಇಲ್ಲಿ. ನಿನ್ನ ಜನ್ಮದಲ್ಲಿ ಆ ಮಾತು ಆಡಿಲ್ಲ ನೀನು. ನಿನಗೆ ಕಾಣ್ಸಲ್ಲ ಅಂತ ಯಾವನೋ ಬೇವರ್ಸಿ ನಿನ್ನ ಮಾತನ್ನ ಬದಲಾಯಿಸ್ತಿದಾನೆ. ಅವನ ಕೆನ್ನೆಗೆ ಎರಡು ಬಾರಿಸಿ ಮೇನ್ ಆಫ್ ಬರೆಸು.”

ಅಪ್ಪನ ಬೆರಳುಗಳು ಒಂದೊಂದಾಗಿ ಮಡಚಿದವು. ಅವನೂ ಒಂಬತ್ತರವರೆಗೆ ಎಣಿಸಿದ.

“ನಾನು ಹೇಳಿದ್ದೆ,” ಎಂದ.

“ನೀನು ಏಳು ಸಲ ಹೇಳಿದ್ದೆ, ಅಪ್ಪ. ತೆಗೆದಿದ್ದು ನಾನು. ಇವನ್ನ ಬುಟ್ಟಿಗೆ ಹಾಕಿದ್ದೂ ನಾನೇ. ನಾಲ್ಕು ದಿನದಿಂದ ಬಾಯಿ ಮುಚ್ಕೊಂಡಿದ್ದೂ ನಾನೇ.”

ಹೇಳಿ ಮುಗಿಸಿ ಅವಳು ಕಾದಳು. ಕತ್ತೆ ಅನ್ನಲಿ, ಬೇವರ್ಸಿ ಅನ್ನಲಿ, ಗ್ರೀಸ್ ಹೇಳಿದ ಹಾಗೆ ಎರಡು ಬಾರಿಸಲಿ, ಮೈಯೆಲ್ಲ ಅದನ್ನೇ ಬೇಡುತ್ತಿತ್ತು. ಅಪ್ಪ ಜೇಬು ಮುಟ್ಟಿ ನೋಡಿಕೊಂಡು ಕೈ ಇಳಿಸಿದ.

“ಆಯ್ತಮ್ಮ,” ಎಂದ, ಹೊರಗಿನವರ ಜೊತೆ ಮಾತಾಡುವಷ್ಟು ಮೆತ್ತಗೆ. “ದಣಿದಿರ್ತೀಯ. ಊಟ ಮಾಡು ಹೋಗು.”

ಅವಳು ಎದ್ದು ಬಾಗಿಲವರೆಗೆ ಹೋಗಿ ನಿಂತಳು. ಹಿಂದಿನಿಂದ ಒಂದು ಬೈಗುಳ ಬರುತ್ತದೆಂದು ಬಹಳ ಹೊತ್ತು ನಿಂತಳು. ಬರಲಿಲ್ಲ.