ವಿರುಪಮ್ಮನ ತುರುಬು

ತಾಯಕ್ಕ ಬಾಚಣಿಗೆಯನ್ನು ಒದ್ದೆ ಕೂದಲಿಗೆ ಹಾಕಿ ಎಳೆದಳು. ಸಿಕ್ಕಿನಲ್ಲಿ ತೊಡರಿ ಒಂದು ಹಲ್ಲು ಮುರಿಯಿತು. ಮೈತೊಳೆದು, ಹಸಿರು ಸೀರೆ ಉಡಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ವಿರುಪಮ್ಮನ ತಲೆ ಆ ಎಳೆತಕ್ಕೆ ಪಕ್ಕಕ್ಕೆ ವಾಲಿತು.

“ಮೆಲ್ಲಕ ಯಕ್ಕಾ,” ಎಂದಳು ಪಕ್ಕದ ಮನೆಯ ದುರ್ಗಕ್ಕ.

“ಈಕಿ ತುರುಬು ಈಕೀನ ಕಟ್ಟಿಕೋಬೇಕವ್ವಾ, ನನ್ನ ಕೈಲಾಗಂಗಿಲ್ಲ. ಭುಜ ನೋವು, ಕೈ ಏಳವಲ್ದು ಅಂತ ಕಣಕ್ಕ ಬರತಿರಲಿಲ್ಲ. ಮುಂಜಾನೆ ನೋಡಿದ್ರ ತುರುಬು ಮಾತ್ರ ಮದಲಗಿತ್ತಿದ್ದಂಗ! ಅದಕ್ಕ ಹೆಂಗ ಏಳತಿತ್ತು ಕೈ?” ತಾಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಕಳ್ಳಿ. ನನ್ನ ಬಿಟ್ಟು ಮೊದಲ ಹೋದ್ಲು ನೋಡು.”

ಸುತ್ತ ಕೂತ ಹೆಂಗಸರಲ್ಲಿ ಒಬ್ಬಿಬ್ಬರು ಅಳುತ್ತಲೇ ನಕ್ಕರು.

ಕಂಬಕ್ಕೆ ಒರಗಿ ನಿಂತಿದ್ದ ವಿರುಪಮ್ಮನ ಗಂಡ ಎರ್ರಿಯಪ್ಪ ನಗಲಿಲ್ಲ. ಅತ್ತಿಗೆ ತಾಯಕ್ಕ ಈ ಮಾತು ಆಡಿದ್ದು ಇವತ್ತೇ ಮೊದಲಲ್ಲ. ಆದರೆ ಇವತ್ತಿನ ಮಾತು ವಿರುಪಮ್ಮನ ಜೊತೆ ಮಣ್ಣಿಗೆ ಹೋಗುತ್ತದೆ. ಆಮೇಲೆ ತೆಗೆದು ತಿದ್ದಲು ಬರುವುದಿಲ್ಲ.

*

ಕಾಲುವೆ ನೀರು ಬಂದ ಮೇಲೆ ಕಂಪ್ಲಿ ಕಡೆಯ ಹೊಲಗಳೆಲ್ಲ ಗದ್ದೆಯಾದವು. ವರ್ಷಕ್ಕೆ ಎರಡು ಸಲ ಭತ್ತದ ರಾಶಿ. ಮೊರ ಎತ್ತಿ ಗಾಳಿಗೆ ಹಿಡಿದು ತೂರುವುದರಲ್ಲಿ ವಿರುಪಮ್ಮನನ್ನು ಮೀರಿಸುವವರಿರಲಿಲ್ಲ. ಒಂದು ಸುಗ್ಗಿಯಲ್ಲಿ ಬಲಭುಜ ಹಿಡಿದು, ತಲೆಯ ಮೇಲೆತ್ತಿದ ಮೊರ ಕೈಯಿಂದ ಜಾರಿ ಬಿತ್ತು. ಎಕ್ಕದೆಲೆಯ ಶಾಖಕ್ಕೆ ನೋವು ಬಗ್ಗಲಿಲ್ಲ. ರಾತ್ರಿ ಆ ಮಗ್ಗುಲಿಗೆ ಹೊರಳುವಂತಿರಲಿಲ್ಲ. ಹೊಸಪೇಟೆಯ ಡಾಕ್ಟರಮ್ಮ ಮುಟ್ಟಿ ನೋಡಿ, ಭುಜದೊಳಗಿನ ಸ್ನಾಯು ಹಗ್ಗ ತೇದಂತೆ ತೇದಿದೆ ಎಂದಳು. ಇನ್ನು ಮೊರ ಎತ್ತಬಾರದು, ಹಾಗಂತ ಕೈಯನ್ನು ಸುಮ್ಮನೆ ಇಟ್ಟುಕೊಳ್ಳಲೂಬಾರದು. ಬಾಗಿ ನಿಂತು ಕೈಯನ್ನು ಇಳಿಬಿಟ್ಟು ತೂಗಾಡಿಸುವುದು, ಬೆರಳುಗಳನ್ನು ಗೋಡೆಯ ಮೇಲೆ ಇರುವೆಯಂತೆ ಹತ್ತಿಸುವುದು, ಜಂತಿಗೆ ಹಗ್ಗ ಹಾಕಿ ಎಡಗೈಯಿಂದ ಎಳೆದು ಬಲಗೈ ಏರಿಸುವುದು: ಇವನ್ನೆಲ್ಲ ತಾನೇ ಮಾಡಿ ತೋರಿಸಿ ಕಳಿಸಿದಳು.

ಒಂದು ಮುಂಜಾನೆ ವಿರುಪಮ್ಮ ಬಾಚಣಿಗೆ ಹಿಡಿದು ಸುಮ್ಮನೆ ಕೂತಿದ್ದಳು. ಕೈ ಕಿವಿಯತನಕವೂ ಬಂದಿರಲಿಲ್ಲ. ಮಗಳಿರಲಿಲ್ಲ, ತಾಯಕ್ಕನನ್ನು ಕೇಳಲು ಮನಸ್ಸೊಪ್ಪಿರಲಿಲ್ಲ. ಎರ್ರಿಯಪ್ಪ ಬಾಗಿಲು ಮುಂದಕ್ಕೆ ಮಾಡಿ ಬಾಚಣಿಗೆ ಇಸಿದುಕೊಂಡ. ಪುಂಡಿನಾರಿನ ಹಗ್ಗ ಹೊಸೆದ ಕೈ ಅದು.

“ಏನ್ರಿ, ನಾನೇನು ಎತ್ತಾ? ಈಪಾಟಿ ಬಿಗೀತೀರಲ್ಲ!”

“ಸುಮ್ಕ ಕುಂದ್ರು. ಎತ್ತಾಗಿದ್ರ ಇಷ್ಟು ಮಾತಾಡತಿರಲಿಲ್ಲ.”

ಅಂದಿನಿಂದ ದಿನಾ ಅವನೇ ಬಾಚಿದ. ತುರುಬು ನೋಡಿದ ಊರು ಅವಳ ನೋವನ್ನು ನಂಬಲಿಲ್ಲ. ಜಂತಿಯ ಹಗ್ಗ ನೋಡಿ ತಾಯಕ್ಕ, “ಕಣಕ್ಕ ಬರಬ್ಯಾಡ, ಮನ್ಯಾಗ ಜೋಕಾಲಿ ಆಡು,” ಎಂದಳು.

“ಹೇಳಿಬಿಡ್ಲೇನು, ಕಟ್ಟಾವ ನಾನು ಅಂತ?” ಎಂದು ಎರ್ರಿಯಪ್ಪ ಕೇಳಿದ್ದ.

“ಬ್ಯಾಡ್ರಿ. ನಿಮ್ಮನ್ನ ಹೆಂಗ್ಸು ಅಂತ ಆಡ್ಕೊಂತಾರ. ನನ್ನ ತುರುಬು ನಾನ ಕಟ್ಟಿಕೊಂತೀನಿ. ಅವರಾಡೋ ಮಾತು ಖರೆ ಮಾಡಿ ತೋರಸ್ತೀನಿ, ನೋಡ್ತಿರ್ರಿ.”

ಅವನು ಒತ್ತಾಯ ಮಾಡಲಿಲ್ಲ. ಬ್ಯಾಡ ಅನ್ನಲೆಂದೇ ಕೇಳಿದ್ದೆನೇನೋ ಎಂಬ ಮಾತು ಆಮೇಲಾಮೇಲೆ ಅವನ ಮನಸ್ಸಿನಲ್ಲಿ ಸುಳಿಯುತ್ತಿತ್ತು.

ಅವಳು ಹಲ್ಲು ಕಚ್ಚಿ ಬೆರಳುಗಳನ್ನು ಗೋಡೆ ಹತ್ತಿಸಿದಳು. ನೋವೆದ್ದ ದಿನ ಗೋಡೆಯ ಗಿಲಾಯಿ ಉದುರುವಷ್ಟು ಉಗುರೂರುತ್ತಿದ್ದಳು, ಆದರೆ ಬಿಡುತ್ತಿರಲಿಲ್ಲ. ಬೇಸಿಗೆ ಕಳೆದು, ಕಾಲುವೆಗೆ ಮತ್ತೆ ನೀರು ಬಿಟ್ಟ ಹೊತ್ತಿಗೆ ಒಂದು ಮುಂಜಾನೆ ಎರ್ರಿಯಪ್ಪ ಬಾಚಣಿಗೆ ಹಿಡಿದು ಬಂದರೆ ಅವಳಾಗಲೇ ತುರುಬು ಕಟ್ಟಿಕೊಂಡು ಕೂತಿದ್ದಳು, ತುಸು ಓರೆಯಾಗಿ.

“ಹೆಂಗೈತ್ರಿ?”

“ಭಾಳ ಚಲೋ ಐತಿ.”

ಅವನು ಕೊಟ್ಟಿಗೆಗೆ ಹೋಗಿ, ಕೆಲಸವಿಲ್ಲದೆ, ಎತ್ತಿನ ಕೊರಳ ಗಂಗೆದೊಗಲು ತುರಿಸುತ್ತ ಬಹಳ ಹೊತ್ತು ನಿಂತಿದ್ದ.

*

“ಹೊತ್ತಾತು, ಜಲ್ದಿ ಮಾಡ್ರಿ,” ಎಂದು ಎರ್ರಿಯಪ್ಪನ ಅಣ್ಣ ಅಂಜಿನಯ್ಯ ಅಂಗಳದಿಂದ ಕೂಗಿದ.

“ಹೆಂಗರ ಒಂದು ಗಂಟು ಹಾಕಿ ಹೂ ಸಿಗಸ್ತೀನಿ,” ಎಂದಳು ತಾಯಕ್ಕ.

ಎರ್ರಿಯಪ್ಪ ಕಂಬ ಬಿಟ್ಟು ಬಂದ. “ಬಾಚಣಿಗಿ ಕೊಡು ಯಕ್ಕಾ. ನಾನು ಕಟ್ತೀನಿ.”

ಪಡಸಾಲೆಯಲ್ಲಿ ಅಳು ನಿಂತಿತು.

“ಲೇ, ತಲಿ ಕೆಟ್ಟೈತೇನು?” ಅಂಜಿನಯ್ಯ ಒಳಗೆ ಬಂದ. “ಗಂಡಸು ಹೆಂಗಸಿನ ತಲಿ ಬಾಚೋದಾ? ಮಂದಿ ನಗತಾರ.”

“ನಗಲಿ ಬಿಡಣ್ಣ. ಆಕಿ ಕೈ ಏಳದಿದ್ದಾಗ ದಿನಾ ನಾನ ಕಟ್ಟೀನಿ. ಆಕಿ ಸುಳ್ಳು ಹೇಳಿರಲಿಲ್ಲ.”

“ಸತ್ತಾಕಿ ಮಾನ ಉಳಸಾಕ ಏನಾರ ಅಂತಿ ನೀನು,” ಎಂದಳು ತಾಯಕ್ಕ. ದನಿ ಮೆತ್ತಗಿತ್ತು; ನಂಬಿಕೆ ಮಾತ್ರ ಇರಲಿಲ್ಲ.

ಅವನು ಬಾಚಣಿಗೆ ಇಸಿದುಕೊಂಡು, ದುರ್ಗಕ್ಕನಿಗೆ ಹೆಣವನ್ನು ತುಸು ಮುಂದಕ್ಕೆ ಹಿಡಿದುಕೊಳ್ಳಲು ಹೇಳಿ, ಹಿಂದೆ ಕೂತ. ನೆತ್ತಿಯಿಂದ ಶುರುಮಾಡಲಿಲ್ಲ. ಬುಡವನ್ನು ಎಡಮುಷ್ಟಿಯಲ್ಲಿ ಹಿಡಿದು, ತುದಿಯ ಸಿಕ್ಕನ್ನು ಮೊದಲು ಬಿಡಿಸಿದ. ತಲೆ ಅಲುಗಲಿಲ್ಲ. ಮೂರೆಳೆ ಹೆಣೆದು, ಸುತ್ತಿ, ತುದಿಯನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿದ. ತುರುಬು ನಿಂತಿತು. ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು.

ಬಾಚಣಿಗೆಯಲ್ಲಿ ಉಳಿದಿದ್ದ ಕೂದಲನ್ನು ಎಳೆದು ತೋರುಬೆರಳಿಗೆ ಸುತ್ತಿ, ಸಣ್ಣ ಉಂಡೆ ಮಾಡಿ, ಅತ್ತ ನೋಡದೆಯೇ ಗೋಡೆಯ ಸಂದಿಗೆ ಸಿಗಿಸಿದ, ಮನೆಯ ಹೆಂಗಸರು ದಿನಾ ಮುಂಜಾನೆ ಮಾಡುವ ಹಾಗೆಯೇ.

ತಾಯಕ್ಕನ ಕಣ್ಣು ಆ ಬೆರಳ ಮೇಲೇ ನಿಂತಿತ್ತು. ಮುಡಿಸಲೆಂದು ಹಿಡಿದಿದ್ದ ಹೂವಿನ ದಂಡೆ ಅವಳ ಕೈಯಲ್ಲೇ ಉಳಿಯಿತು. ಆಮೇಲೆ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಮೈದುನನ ಮುಂದೆ ಚಾಚಿದಳು.