ಬ್ರೇಕಿಲ್ಲದ ಗಾಡಿ

"ಅಣ್ಣ, ಅಲ್ಲೇ ನಿಂತ್ಕೊಳಿ! ಒಳಗೆ ಬರ್ಬೇಡಿ," ಎಂದು ಗೆಳೆಯ ಮಧುವಿನ ಹೆಂಡತಿ ಕವಿತ ರೇಷ್ಮೆ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಳು.

ನರೇಂದ್ರ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಚಿಕ್ಕಬಳ್ಳಾಪುರದಿಂದ ಜಂಗಮಕೋಟೆಯವರೆಗೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತು ಅಲ್ಲೇ ಅರ್ಧ ಮರೆತುಹೋಯಿತು.

"ಪೆಟ್ರೋಲ್ ವಾಸ್ನೆ. ಹುಳ ಹಣ್ಣಾಗಿವೆ. ಸ್ನಾನ ಮಾಡ್ಕೊಂಡು ಬನ್ನಿ, ಇವರ ಲುಂಗಿ ಕೊಡ್ತೀನಿ. ಒಳ್ಳೇ ಟೈಮಿಗೆ ಬಂದ್ರಿ, ಆರಿಸಕ್ಕೆ ಜನ ಸಾಲ್ದು. ಸೋಪು ಹಾಕ್ಬೇಡಿ, ಅದೂ ವಾಸ್ನೇನೇ."

ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಮನೆಗೆ ಬಂದವನು ಬೀಗನಾದರೂ ಸರಿ, ತಹಸೀಲ್ದಾರನಾದರೂ ಸರಿ, ಮಿಂದು ಆರಿಸಲು ಕೂರಲೇಬೇಕು. ಬಚ್ಚಲಲ್ಲಿ ಅವನು ತೆಂಗಿನ ನಾರಿನಿಂದ ಕೈ ಉಜ್ಜಿದ. ಹದಿನೈದು ವರ್ಷದ ಗ್ರೀಸು ಉಗುರ ಸಂದಿಯಿಂದ ಜಪ್ಪಯ್ಯ ಅನ್ನಲಿಲ್ಲ.

ವಾರವೆಲ್ಲ ಅವನು ಪಾಲಿಟೆಕ್ನಿಕ್ಕಿನಲ್ಲಿ ಬ್ರೇಕು ಹೇಗೆ ಕೆಲಸ ಮಾಡುತ್ತದೆಂದು ಪಾಠ ಹೇಳುತ್ತಿದ್ದ. ಭಾನುವಾರ ಗೌರಿಬಿದನೂರಿನ ಆಚೆ, ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ, ರೇಸಿನ ಬೈಕು, ಬ್ರೇಕೇ ಇಲ್ಲದ ಗಾಡಿ, ಓಡಿಸುತ್ತಿದ್ದ. ನಾಲ್ಕು ಜನ, ನಾಲ್ಕು ಸುತ್ತು, ತಿರುವೆಲ್ಲ ಎಡಕ್ಕೇ. ಮುಂದಿನವನು ಬಿದ್ದರೆ ಅವನ ಮೇಲೆ ಹರಿಯದಿರಲು ಉಳಿದಿರುವುದು ಒಂದೇ ದಾರಿ: ತನ್ನ ಗಾಡಿಯನ್ನು ನೆಲಕ್ಕೆ ಮಲಗಿಸಿ ತಾನೂ ಬೀಳುವುದು.

ಆರು ವರ್ಷದ ಹಿಂದೆ, ಕೊನೆಯ ಸುತ್ತಿನಲ್ಲಿ, ಮುಂದಿದ್ದ ಮಧುಸೂದನ್ ಬಿದ್ದ. ಬಿದ್ದದ್ದು ನರೇಂದ್ರನಿಗೆ ಕಂಡಿತು. ಮಲಗಿಸಲು ಸಮಯವಿತ್ತು. ಅವನಿಗಿಂತ ಮುಂದೆ ಇನ್ಯಾರೂ ಇಲ್ಲ ಎಂಬುದೂ ಕಂಡಿತು. ಅವನು ಮಲಗಿಸಲಿಲ್ಲ. ಗೆಲುವಿನ ಕಪ್ಪು ಇವನ ಮನೆಗೆ ಬಂತು. ಮಧುವಿನ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಬ್ರೇಕಿಲ್ಲದ ಗಾಡಿ, ಪಾಪ ಅವನೇನು ಮಾಡಿಯಾನು ಎಂದು ಊರೆಲ್ಲ ಹೇಳಿತು. ಎಲ್ಲರಿಗಿಂತ ಮೊದಲು ಹಾಗೆ ಹೇಳಿದವನು ಮಧುವೇ.

ಬರುವ ಭಾನುವಾರ ನರೇಂದ್ರನ ಕೊನೆಯ ರೇಸು. ಶಾಲು ಹೊದಿಸುವವರು ಮಧುಸೂದನ್ ಎಂದು ಕ್ಲಬ್ಬಿನವರು ಆಹ್ವಾನಪತ್ರಿಕೆಯಲ್ಲಿ ಅಚ್ಚು ಹಾಕಿಸಿಬಿಟ್ಟಿದ್ದರು. ಆ ಕೈಯಿಂದ ಶಾಲು ಹೊದ್ದುಕೊಳ್ಳುವ ಮೊದಲು ನಿಜ ಹೇಳಿಬಿಡಬೇಕು. ಇಲ್ಲದಿದ್ದರೆ ಉಳಿದ ಆಯುಷ್ಯದಲ್ಲಿ ಕನ್ನಡಿ ನೋಡಿಕೊಳ್ಳುವ ಹಾಗಿಲ್ಲ ಎಂದು ಅವನಿಗೆ ಅನ್ನಿಸಿತ್ತು.

"ಏಮಿರಾ ಚಾಂಪಿಯನ್, ನನ್ನ ಲುಂಗಿ ನಿಂಗೇ ಚೆನ್ನಾಗಿ ಕಾಣ್ತದೆ," ಎಂದ ಮಧು, ಸ್ಟೂಲಿನ ಮೇಲೆ ಕೂತೇ. ಅವನ ಕೈ ನಿಲ್ಲಲಿಲ್ಲ. ಸೊಪ್ಪು ಬಿಟ್ಟು ತಲೆಯೆತ್ತಿದ, ಮೈ ಹಳದಿಗೆ ತಿರುಗಿದ ಹುಳಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಯ ತಟ್ಟಿಗೆ ಬಿಡುತ್ತಿದ್ದ.

ನರೇಂದ್ರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಆಹ್ವಾನಪತ್ರಿಕೆಯ ವಿಷಯ ಹೇಳಿದ.

"ಬರ್ತೀನಿ ಬಿಡು. ಹಣ್ಣಾಗಿರೋದ್ನ ಮಾತ್ರ ತಗಿ."

"ಅದಕ್ಕೆ ಮುಂಚೆ ಒಂದು ಮಾತು ಹೇಳ್ಬೇಕು."

"ಆಮೇಲೆ ಹೇಳುವಂತೆ. ಇವು ಕಾಯಲ್ಲ."

"ಮಧು, ನೀನು ಬಿದ್ದಿದ್ದು ನಂಗೆ ಕಾಣಿಸ್ತು ಕಣೋ. ಮಲಗಿಸ್ಬೋದಿತ್ತು. ಮಲಗಿಸ್ಲಿಲ್ಲ."

ಮಧು ಇನ್ನೊಂದು ಹುಳ ಎತ್ತಿದ. ಅದನ್ನು ಬಿಟ್ಟ. ಮತ್ತೊಂದನ್ನು ಎತ್ತಿದ. ಅವನು ಬೈಯಲಿ, ಹೊಡೆಯಲಿ ಎಂದು ನರೇಂದ್ರ ಒಳಗೊಳಗೇ ಬೇಡಿಕೊಂಡ.

"ಗೊತ್ತು," ಎಂದ ಮಧು. "ತಲೆ ತಿರುಗಿಸಿ ನೋಡಿದ್ದೆ. ನಿನ್ನ ಕೈ ಆಕ್ಸಲೇಟರ್ ಬಿಟ್ಟಿರ್ಲಿಲ್ಲ."

"ಮತ್ತೆ ಯಾಕೆ..."

"ನರೇಂದ್ರ ಮಲಗಿಸಕ್ಕೆ ನೋಡ್ದ, ಆಗ್ಲಿಲ್ಲ ಅಂತ ಕವಿತಂಗೆ ಹೇಳ್ದೆ. ಅವರಿಗೆ ಇವರಿಗೆ ಹೇಳ್ದೆ. ಹೇಳ್ತಾ ಹೇಳ್ತಾ ನಂಗೂ ಹಂಗೇ ಕಾಣಕ್ಕೆ ಶುರುವಾಯ್ತು. ಹಂಗೆ ನಂಬ್ಕೊಂಡ್ರೆ ನಿದ್ದೆ ಬರೋದು." ಮೊದಲ ಸಲ ಅವನ ಕೈ ನಿಂತಿತು. "ಆರು ವರ್ಷ ಆಯ್ತಲ್ಲಪ್ಪ. ಇವತ್ತು ಬಂದು ಅದನ್ನೂ ಕಿತ್ಕೊಳ್ಬೇಕಿತ್ತಾ?"

ನರೇಂದ್ರ ಹಗುರಾಗಲು ಬಂದಿದ್ದ. ಆಗಿರಲಿಲ್ಲ. ಕಾಲು ತೆಗೆದವನು ಇವತ್ತು ಉಳಿದಿದ್ದ ನೆಮ್ಮದಿಯನ್ನೂ ತೆಗೆದಿದ್ದ. ಕ್ಷಮಿಸು ಎನ್ನಲು ಬಾಯಿ ತೆರೆದ. ಆ ಪದ ತನಗಾಗಿಯೇ ಕೇಳುವಂಥದ್ದು ಎಂದು ಹೊಳೆದು ತಲೆ ತಗ್ಗಿಸಿ ಹುಳದತ್ತ ಕೈ ಚಾಚಿದ.

ಕವಿತ ಇನ್ನೊಂದು ಚಂದ್ರಿಕೆ ಹೊತ್ತು ತಂದಳು. "ಏನಣ್ಣ, ಇಬ್ರೂ ಗಪ್‌ಚಿಪ್ ಕೂತಿದೀರ? ನೀವು ಬಂದ್ರೆ ಇವರು ಮಾತಾಡ್ತಾರೆ ಅಂತ ನಾನಿದ್ರೆ..."

"ಭಾನುವಾರದ ಫಂಕ್ಷನ್ ವಿಷ್ಯ," ಎಂದ ಮಧು. ತೋಳಿಂದ ಮುಖ ಒರೆಸಿಕೊಂಡು, ನರೇಂದ್ರನ ಕಡೆ ನೋಡದೆ ಕೇಳಿದ: "ಎಷ್ಟೊತ್ತಿಗೆ ಅಂದೆ?"

"ಹತ್ತಕ್ಕೆ."

"ಹೂಂ. ಹಾಗಾದ್ರೆ ಎಂಟಕ್ಕೇ ಮನೆ ಬಿಡ್ಬೇಕು."

"ಅಣ್ಣ, ಕೈಯಲ್ಲಿರೋದ್ನ ಚಂದ್ರಿಕೆಗೆ ಬಿಡಿ," ಎಂದಳು ಕವಿತ. "ನೂಲು ದಂಡ ಆಗ್ತದೆ."

ನರೇಂದ್ರ ನೋಡಿಕೊಂಡ. ಯಾವಾಗಲೋ ಎತ್ತಿಕೊಂಡ ಹುಳ ಅಂಗೈಯಲ್ಲೇ ಇತ್ತು. ಅದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಆಗಲೇ ಎಳೆ ಕಟ್ಟಿತ್ತು. ಅವನು ಕೈ ಅಲುಗಿಸಲಿಲ್ಲ. ಹುಳ ಕುರುಡಾಗಿ ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಆಡಿಸುತ್ತ, ಆ ಎರಡು ಬೆರಳುಗಳ ನಡುವಿನ ಖಾಲಿಗೆ ನೂಲು ಸುತ್ತುತ್ತಲೇ ಇತ್ತು.